ಗಾಜು ಕಿತ್ತುಹೋದ ವಿಮಾನ

1990ರ ಜೂನ್ 10ರಂದು ಬರ್ಮಿಂಗ್‌ಹ್ಯಾಮಿನಿಂದ ಸ್ಪೇನಿನ ಮಾಲಗಾಕ್ಕೆ ಹೊರಟಿದ್ದ ಬ್ರಿಟಿಷ್ ಏರ್‌ವೇಸ್ ವಿಮಾನವು 17,300 ಅಡಿ ಎತ್ತರದಲ್ಲಿದ್ದಾಗ ಚಾಲಕರ ಮುಂದಿನ ಗಾಜು ಕಿತ್ತುಹೋಯಿತು. ಒಳಗಿನ ಗಾಳಿ ಹೊರನುಗ್ಗಿದ ರಭಸಕ್ಕೆ ಕ್ಯಾಪ್ಟನ್ ಟಿಮ್ ಲ್ಯಾಂಕಾಸ್ಟರ್ ಅರ್ಧ ದೇಹ ಹೊರಗಾಗಿ ಸಿಕ್ಕಿಕೊಂಡರು. (ವಾಯುಭಾರದ ಪಾಠವನ್ನು ನನ್ನಿಂದ ಕೇಳಿದವರಿಗೆ ಕಾರಣ ಹೇಳಬೇಕಿಲ್ಲ.) ಪರಿಚಾರಕ ನೈಜೆಲ್ ಓಗ್ಡನ್ ಧಾವಿಸಿ ಅವರನ್ನು ಹಿಡಿದುಕೊಂಡರು.

ಇಂಥ ಸಮಯದಲ್ಲಿ ಮೊದಲ ಕರ್ತವ್ಯವೆಂದರೆ ಉಸಿರಾಡಬಲ್ಲ ಗಾಳಿಯಿರುವ ಎತ್ತರಕ್ಕೆ ಬೇಗನೆ ಇಳಿಯುವುದು. ಗಾಳಿಯ ಅಬ್ಬರದಲ್ಲಿ ರೇಡಿಯೊ ಮಾತು ಕೇಳಿಸದಿದ್ದರೂ ಸಹಚಾಲಕ ಅಲಸ್ಟೇರ್ ಆಚಿಸನ್ ಅದನ್ನೇ ಮಾಡಿದರು. ಅವರ ಧೈರ್ಯಕ್ಕಿಂತಲೂ ಆ ಕ್ರಮಬದ್ಧತೆಯೇ ನನಗೆ ದೊಡ್ಡದಾಗಿ ಕಾಣುತ್ತದೆ. ಕ್ಯಾಪ್ಟನ್ ತೀರಿಕೊಂಡರೆಂದೇ ಸಿಬ್ಬಂದಿ ಭಾವಿಸಿದ್ದರು. ಆದರೂ ಹಿಡಿದ ಕೈ ಬಿಡಲಿಲ್ಲ. ಸೌತಾಂಪ್ಟನ್ನಿನಲ್ಲಿ ಇಳಿದಾಗ 87 ಮಂದಿಯೂ ಬದುಕಿದ್ದರು, ಕ್ಯಾಪ್ಟನ್ ಸಹ!

ಹಾರಾಟಕ್ಕೆ 27 ಗಂಟೆ ಮೊದಲು ಆ ಗಾಜನ್ನು ಹೊಸದಾಗಿ ಕೂರಿಸಲಾಗಿತ್ತು. ಬಳಸಿದ 90 ಬೋಲ್ಟುಗಳಲ್ಲಿ 84ರ ದಪ್ಪ ಕಡಿಮೆಯಿತ್ತೆಂದು ತನಿಖೆಯಲ್ಲಿ ತಿಳಿಯಿತು. ವ್ಯತ್ಯಾಸವಾದರೂ ಎಷ್ಟು? ಒಂದು ಮಿಲಿಮೀಟರಿಗೂ ಕಡಿಮೆ.