ಪರ್ಲ್ ಭಾಷೆಯ ಭಂಡಾರವೂ ಅದರ ಅಚ್ಚೂ

ಶಾಸ್ತ್ರಗ್ರಂಥವನ್ನು ಆರಂಭಿಸುವವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ಮೊದಲೇ ತಿಳಿಸತಕ್ಕದ್ದೆಂಬುದು ಪ್ರಾಚೀನರ ಕಟ್ಟಳೆ. ಗ್ರಂಥವು ಏನನ್ನು ಹೇಳುವುದು, ಯಾರಿಗಾಗಿ ಹೇಳುವುದು ಎಂಬುದನ್ನರಿಯದೆ ವಿವೇಕಿಯಾದವನು ಅದರಲ್ಲಿ ಪ್ರವರ್ತಿಸನಷ್ಟೆ. ಕಂಪ್ಯೂಟರಿಗಾಗಿ ಕೋಡನ್ನು ಬರೆದು ಪರರ ಉಪಯೋಗಕ್ಕೆ ಬಿಟ್ಟುಕೊಡುವವರ ನಡುವೆಯೂ ಇಂಥದೇ ಒಂದು ಕಟ್ಟಳೆ ಹುಟ್ಟಿತು. ಆದರೆ ಅದನ್ನು ವಿಧಿಸಿದವರು ಆಚಾರ್ಯರಲ್ಲ. ಬೇರೊಂದು ಕೆಲಸಕ್ಕೆಂದು ಮಾಡಿದ ಒಂದು ಸಣ್ಣ ಉಪಕರಣ.

ಪರ್ಲ್ ಎಂಬುದು, ಭಾಷಾಶಾಸ್ತ್ರವನ್ನು ವ್ಯಾಸಂಗಮಾಡಿದ್ದ ಲ್ಯಾರಿ ವಾಲ್ ಎಂಬ ಅಮೆರಿಕದ ವಿದ್ವಾಂಸನು 1987ನೆಯ ಡಿಸೆಂಬರಿನಲ್ಲಿ ಪ್ರಕಟಿಸಿದ ಪ್ರೋಗ್ರಾಮು ಭಾಷೆ. 1994ರ ಅಕ್ಟೋಬರಿನಲ್ಲಿ ಹೊರಬಂದ ಅದರ 5ನೆಯ ಆವೃತ್ತಿಯಲ್ಲಿ ಮಾಡ್ಯೂಲುಗಳಿಗೆ ಅವಕಾಶವಾಯಿತು. ಒಬ್ಬನು ಒಮ್ಮೆ ಬರೆದ ಕೋಡನ್ನು ಬಿಡಿಯಾಗಿ ಕಟ್ಟಿಟ್ಟು, ಮತ್ತೊಬ್ಬನು ತನ್ನ ಪ್ರೋಗ್ರಾಮಿನಲ್ಲಿ ಹಾಗೆಯೇ ಸೇರಿಸಿಕೊಳ್ಳುವ ಉಪಾಯವೇ ಮಾಡ್ಯೂಲು. ಇಂಥ ಬರಹಗಳು ಊರೂರಿನ ಕಂಪ್ಯೂಟರುಗಳಲ್ಲಿ ಚದರಿಹೋಗಿದ್ದುವು. ಅವನ್ನು ಒಂದೆಡೆ ಕೂಡಿಹಾಕಿ, ಪ್ರತಿಗಳನ್ನು ಅನೇಕ ದೇಶಗಳಲ್ಲಿಡುವ ಏರ್ಪಾಡು ಫಿನ್ಲೆಂಡಿನ ಯಾರ್ಕೋ ಹಿಯೆಟಾನಿಯೆಮಿ ಮೊದಲಾದವರ ಪ್ರಯತ್ನದಿಂದ 1995ರಲ್ಲಿ ಸಿದ್ಧವಾಯಿತು. ಸೀಪ್ಯಾನ್ ಎಂಬುದು ಅದರ ಹೆಸರು. ಟೆಕ್ ಎಂಬ ಅಕ್ಷರಜೋಡಣೆಯ ವ್ಯವಸ್ಥೆಯವರು ಅದಕ್ಕೆ ಮೊದಲೇ ಕಟ್ಟಿದ್ದ ಭಂಡಾರವು ಇದಕ್ಕೆ ಮೇಲ್ಪಂಕ್ತಿಯಾಯಿತು. ಬರೆದವರು ತಮ್ಮ ಕೃತಿಗಳನ್ನು ಒಪ್ಪಿಸಲು ಪಾಸ್ ಎಂಬ ಪ್ರತ್ಯೇಕ ದ್ವಾರವನ್ನು ಆಂಡ್ರೆಯಾಸ್ ಕೋನಿಗ್ ಎಂಬವರು ನಿರ್ಮಿಸಿದರು.

ಭಂಡಾರವೇನೋ ಆಯಿತು. ಆದರೆ ಪರಸ್ಪರ ಮುಖಪರಿಚಯವೇ ಇಲ್ಲದ ಸಾವಿರಾರು ಜನರು ತಂದಿಟ್ಟ ಗಂಟುಗಳನ್ನು ಬಿಚ್ಚುವುದು ಹೇಗೆ? ಯಾವುದನ್ನು ಮೊದಲು ಓದಬೇಕು, ಹೇಗೆ ನೆಲೆಗೊಳಿಸಬೇಕು, ಕೊರತೆಯಿದ್ದರೆ ತಿಳಿಯುವ ಬಗೆ ಯಾವುದು? ಒಬ್ಬೊಬ್ಬನು ಒಂದೊಂದು ರೀತಿಯಲ್ಲಿ ಕಟ್ಟಿದ್ದರೆ ಆ ಭಂಡಾರವು ಸೂಚಿಯಿಲ್ಲದ ತಾಳೆಯೋಲೆಗಳ ರಾಶಿಯಾಗುತ್ತಿತ್ತು.

ಇಲ್ಲಿ ನೆರವಿಗೆ ಬಂದುದು ಪರ್ಲ್ ಭಾಷೆಯ ಸಂಗಡವೇ ದೊರೆಯುತ್ತಿದ್ದ ಎಚ್-ಟು-ಎಕ್ಸ್-ಎಸ್ ಎಂಬ ಉಪಕರಣ. ಹೆಸರು ಕರ್ಣಕಠೋರವಾದರೂ ಅರ್ಥವುಂಟು. ಸೀ ಭಾಷೆಯ ಲೈಬ್ರರಿಗಳ ಘೋಷಣಾಪತ್ರಗಳಿಗೆ ಎಚ್ ಎಂಬುದು ಗುರುತು. ಸೀ ಭಾಷೆಯನ್ನು ಪರ್ಲಿನೊಡನೆ ಬೆಸೆಯುವ ನಡುಬರಹಕ್ಕೆ ಎಕ್ಸ್-ಎಸ್ ಎಂದು ಹೆಸರು. ಒಂದರಿಂದ ಮತ್ತೊಂದನ್ನು ಹುಟ್ಟಿಸುವುದಷ್ಟೇ ಇದರ ಮೂಲ ಉದ್ದೇಶ. ಆದರೆ ಆ ಬೆಸುಗೆಗೆ ಬೇಕಾದ ಆವರಣವನ್ನೆಲ್ಲ ಅದು ತಾನೇ ಸಿದ್ಧಪಡಿಸಿಕೊಡುತ್ತಿತ್ತು: ಮಾಡ್ಯೂಲಿನ ಖಾಲಿ ಚೌಕಟ್ಟು, ಪರಿಚಯಪತ್ರ, ಬದಲಾವಣೆಗಳ ದಿನಚರಿ, ಗಂಟಿನಲ್ಲಿರುವ ಕಡತಗಳ ಪಟ್ಟಿ, ನೆಲೆಗೊಳಿಸುವ ವಿಧಾನ, ಒಂದು ಪರೀಕ್ಷೆ. ಸೀ ಭಾಷೆಯ ಗೊಡವೆಯೇ ಇಲ್ಲದವರೂ ಈ ಆವರಣದ ಆಸೆಯಿಂದ ಅದನ್ನು ಬಳಸತೊಡಗಿದರು. ಉಪಕರಣದ ಮುಖ್ಯಾಂಶವನ್ನು ಬಿಟ್ಟು ಉಳಿದುದನ್ನು ಮಾತ್ರ ಕೊಡೆಂದು ಅದಕ್ಕೆ ಎರಡಕ್ಷರಗಳಲ್ಲಿ ಆಜ್ಞಾಪಿಸುವ ರೂಢಿ ಬಂದಿತು. ಹೊಸ ಲೇಖಕರಿಗಾಗಿ ಬರೆದ ಪರ್ಲಿನ ಅಧಿಕೃತ ಕೈಪಿಡಿಯೂ ಇದೇ ದಾರಿಯನ್ನು ತೋರಿಸಿತು. ಎಣ್ಣೆಗಾಗಿ ಹೂಡಿದ ಗಾಣವನ್ನು ಜನರು ಹಿಂಡಿಗಾಗಿ ನಡೆಯಿಸಿದಂತಾಯಿತು!

ಇದರ ಫಲವನ್ನು ಅಲ್ಪವೆಂದೆಣಿಸಲಾಗದು. ಯಾರು ಬರೆದ ಗಂಟೇ ಆಗಲಿ, ಬಿಚ್ಚಿ ನೆಲೆಗೊಳಿಸಲು ನಾಲ್ಕೇ ಆಜ್ಞೆಗಳು. ಅವು ಎಲ್ಲೆಡೆಯೂ ಒಂದೇ. ಮೊದಲನೆಯ ಆಜ್ಞೆಯಲ್ಲಿಯೇ ಪಟ್ಟಿಯೊಡನೆ ಕಡತಗಳನ್ನು ತಾಳೆನೋಡಿ, ಗಂಟು ಪೂರ್ಣವಾಗಿದೆಯೇ ಎಂಬುದನ್ನು ಯಂತ್ರವೇ ಹೇಳುತ್ತಿತ್ತು. ಆಜ್ಞೆಗಳು ಏಕರೂಪವಾದುದರಿಂದ ಮನುಷ್ಯನ ಬದಲು ಇನ್ನೊಂದು ಪ್ರೋಗ್ರಾಮೇ ಅವನ್ನು ನಡೆಯಿಸಬಹುದಾಯಿತು.

ಪರೀಕ್ಷೆಯ ವಿಷಯವಂತೂ ಇನ್ನೂ ಸ್ವಾರಸ್ಯವಾದುದು. 1987ರ ಮೊದಲ ಪರ್ಲಿನಲ್ಲಿಯೇ ವಾಲ್‌ನು ತನ್ನ ಪರೀಕ್ಷೆಗಳಿಗೆ ಒಂದು ಸರಳ ನುಡಿಯನ್ನು ಗೊತ್ತುಮಾಡಿದ್ದನು: ಒಟ್ಟು ಎಷ್ಟು ಪರೀಕ್ಷೆಗಳೆಂದು ಮೊದಲು ಸಾರುವುದು, ಬಳಿಕ ಒಂದೊಂದಕ್ಕೂ ಸರಿ ಅಥವಾ ಸರಿಯಲ್ಲ ಎಂದು ಸಂಖ್ಯೆಸಹಿತ ಒಂದೊಂದು ಸಾಲು. ಅಚ್ಚು ಈ ನುಡಿಯನ್ನು ಪ್ರತಿಯೊಬ್ಬ ಲೇಖಕನ ಕೈಗೂ ತಲಪಿಸಿತು. 1998ರಲ್ಲಿ ಗ್ರಹಾಂ ಬಾರ್, ಕ್ರಿಸ್ ನಾಂಡರ್ ಎಂಬವರ ಆಲೋಚನೆಯಿಂದ ಸೀಪ್ಯಾನ್ ಪರೀಕ್ಷಕರ ಬಳಗವು ಏರ್ಪಟ್ಟಾಗ, ಸ್ವಯಂಸೇವಕರು ಬೇರೆ ಬೇರೆ ಬಗೆಯ ಕಂಪ್ಯೂಟರುಗಳಲ್ಲಿ ಪರರ ಕೃತಿಗಳನ್ನು ನಡೆಯಿಸಿ ಫಲವನ್ನು ವರದಿಮಾಡಲು ಸಾಧ್ಯವಾದುದು ಈ ಏಕರೂಪತೆಯಿಂದಲೇ. ತನ್ನ ಬಳಿಯಿಲ್ಲದ, ಎಂದೂ ಕಾಣದ ಯಂತ್ರದ ಮೇಲೆ ತನ್ನ ಕೋಡು ಮುಗ್ಗರಿಸಿತೆಂಬ ಸಮಾಚಾರವು ಲೇಖಕನಿಗೆ ಕಾಸಿನ ವೆಚ್ಚವಿಲ್ಲದೆ ಮನೆಗೆ ಬರತೊಡಗಿತು.

ಆದರೆ ಅಚ್ಚಿನಿಂದ ಆಕಾರ ಬರುವುದೇ ಹೊರತು ಪ್ರಾಣ ಬರುವುದಿಲ್ಲ. ಉಪಕರಣವು ಕೊಡುತ್ತಿದ್ದ ಪರೀಕ್ಷೆಯು ಮಾಡ್ಯೂಲನ್ನು ತೆರೆಯಬಹುದೇ ಎಂಬುದನ್ನಷ್ಟೆ ನೋಡುತ್ತಿತ್ತು; ಮಿಕ್ಕುದನ್ನು ಲೇಖಕನೇ ಬರೆಯಬೇಕಾಗಿತ್ತು. ಬರೆಯದವರು ಹಲವರು. ವಿವರಣೆಯ ಜಾಗದಲ್ಲಿ ಉಪಕರಣವು ತುಂಬಿದ್ದ ಅರ್ಥವಿಲ್ಲದ ಗಳಹುವ ಮಾತನ್ನು ಹಾಗೆಯೇ ಬಿಟ್ಟು ಪ್ರಕಟಿಸಿದವರೂ ಉಂಟು. ಇದನ್ನು ಮೊದಲೇ ಊಹಿಸಿದ್ದ ಉಪಕರಣದ ಕರ್ತೃಗಳು, ಈ ಮಾತು ಇನ್ನೂ ಉಳಿದಿದ್ದರೆ ಲೇಖಕನು ಅಜಾಗರೂಕನೆಂದೇ ತೋರುವುದು ಎಂಬ ಅರ್ಥದ ಬೈಗುಳವನ್ನು ಆ ಖಾಲಿ ವಿವರಣೆಯೊಳಗೇ ಸೇರಿಸಿದ್ದರು. ಪರಿಹಾಸವೆಂದರೆ, ಓದದೆ ಪ್ರಕಟಿಸಿದವನು ಆ ಬೈಗುಳವನ್ನೂ ತನ್ನ ಹೆಸರಿನ ಕೆಳಗೆ ತಾನೇ ಪ್ರಕಟಿಸಿಕೊಂಡನು. ದುರಭ್ಯಾಸವನ್ನು ಬಿಡಿಸಲು ಇದಕ್ಕಿಂತ ಚೆನ್ನಾದ ಉಪಾಯ ಯಾವ ಪಂತೋಜಿಗೂ ಹೊಳೆದಂತಿಲ್ಲ.

ಮುಂದೆ ಮಾಡ್ಯೂಲ್ ಸ್ಟಾರ್ಟರ್, ಡಿಸ್ಟ್ ಜಿಲ್ಲಾ ಮೊದಲಾದ ನಯವಾದ ಉಪಕರಣಗಳು ಬಂದುವು. ಪರ್ಲಿನ ಕೈಪಿಡಿಯೂ ಹೊಸಬರಿಗೆ ಈಗ ಮಾಡ್ಯೂಲ್ ಸ್ಟಾರ್ಟರನ್ನೇ ಸೂಚಿಸುತ್ತದೆ. ಭಂಡಾರವು 2 ಲಕ್ಷವನ್ನು ಮೀರಿದ ಮಾಡ್ಯೂಲುಗಳಿಗೆ ಆಶ್ರಯವಾಗಿದೆ. ಹಳೆಯ ಎಚ್-ಟು-ಎಕ್ಸ್-ಎಸ್ ಮಾತ್ರ ಇಂದಿಗೂ ಪರ್ಲಿನ ಜೊತೆಯಲ್ಲಿಯೇ ಬರುತ್ತದೆ, ತನ್ನ ಬೈಗುಳದ ಸಮೇತ.