ಹಳೆಯ ವಿದ್ಯಾರ್ಥಿಗಳ ಪತ್ರಗಳು ಹೇಳಿದ ಸಂಗತಿ

ಹಳೆಯ ವಿದ್ಯಾರ್ಥಿಗಳು ಸೇರಿದ ಕಡೆ, ಯಾರು ಖೋ-ಖೋದಲ್ಲಿ ತಾಲ್ಲೂಕಿಗೆ ಮೊದಲು ಬಂದರು, ಯಾರು ಕಬಡ್ಡಿಗೆ ಜಿಲ್ಲಾಮಟ್ಟಕ್ಕೆ ಹೋದರು ಎಂಬ ಮಾತು ಬಂದೇ ಬರುತ್ತದೆ. ಅಂದಿನ ಆ ಆಟ ಇಂದು ಐವತ್ತು ದಾಟಿದ ದೇಹಕ್ಕೆ ಏನನ್ನಾದರೂ ಉಳಿಸಿದೆಯೇ? ಈ ಪ್ರಶ್ನೆಗೆ ಉತ್ತರ ಸಿಕ್ಕ ಬಗೆಗೆ ಒಂದು ಇತಿಹಾಸವಿದೆ. ಅದು ಶುರುವಾಗುವುದು ಲಂಡನ್ನಿನ ಬಸ್ಸುಗಳಲ್ಲಿ.

ಎರಡನೇ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ಹೃದಯಾಘಾತಗಳು ಹೆಚ್ಚಿದಾಗ ಡಾ. ಜೆರಿ ಮಾರಿಸ್ ಅಲ್ಲಿನ ಸಾರಿಗೆ ನೌಕರರ ಅಧ್ಯಯನಕ್ಕೆ ಕೈಹಾಕಿದರು. ಡಬಲ್ ಡೆಕ್ಕರ್ ಬಸ್ಸಿನಲ್ಲಿ ಡ್ರೈವರ್ ಕುಳಿತೇ ಇರುತ್ತಾನೆ. ಕಂಡಕ್ಟರ್ ಟಿಕೆಟ್ ಕೊಡುತ್ತ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಾನೆ. 35ರಿಂದ 64 ವರ್ಷದ ಸುಮಾರು 31,000 ಜನರ ಲೆಕ್ಕ ತೆಗೆದಾಗ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆ ಇತ್ತು. ಬಂದರೂ ತಡವಾಗಿ ಬರುತ್ತಿತ್ತು. ಮಾರಿಸ್ ಅವಸರಪಡಲಿಲ್ಲ. ನಡೆದು, ಸೈಕಲ್ ತುಳಿದು ಕಾಗದ ಹಂಚುವ ಪೋಸ್ಟ್‌ಮನ್‌ಗಳನ್ನು ಕುಳಿತು ಕೆಲಸ ಮಾಡುವ ಗುಮಾಸ್ತರ ಜೊತೆ ಹೋಲಿಸಿ, ಅಲ್ಲಿಯೂ ಅದೇ ಕಂಡ ಮೇಲೆ 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಆಮೇಲೆ ತಮ್ಮ ತೀರ್ಮಾನವನ್ನು ತಾವೇ ಪರೀಕ್ಷೆಗೆ ಒಡ್ಡಿದರು. ನೌಕರರಿಗೆ ಕೊಡುತ್ತಿದ್ದ ಸಮವಸ್ತ್ರದ ಅಳತೆಗಳನ್ನು ತೆಗೆಸಿ ನೋಡಿದರೆ, ಚಿಕ್ಕ ವಯಸ್ಸಿನಲ್ಲೇ ಡ್ರೈವರುಗಳ ಪ್ಯಾಂಟಿನ ಸೊಂಟ ಕಂಡಕ್ಟರುಗಳದ್ದಕ್ಕಿಂತ ದೊಡ್ಡದು! ಹಾಗಾದರೆ ದೇಹ ಕೆಟ್ಟದ್ದು ಕುಳಿತದ್ದರಿಂದಲೇ, ಅಥವಾ ದಪ್ಪಗಿದ್ದವರೇ ಆ ಕೆಲಸಕ್ಕೆ ಸೇರುತ್ತಿದ್ದರೇ? ಈ ಸಂಶಯವನ್ನೂ ಅವರು 1956ರಲ್ಲಿ ಮುಚ್ಚಿಡದೆ ಅಚ್ಚು ಹಾಕಿಸಿದರು. ನನಗೆ ಬಸ್ಸಿನ ಲೆಕ್ಕಕ್ಕಿಂತ ಈ ಪ್ರಾಮಾಣಿಕತೆಯೇ ಹೆಚ್ಚು ಹಿಡಿಸುತ್ತದೆ.

ಹುಟ್ಟುಗುಣವೋ ಅಭ್ಯಾಸಬಲವೋ ಎಂಬ ಈ ಗಂಟನ್ನು ಬಿಡಿಸಲು ಒಬ್ಬನೇ ಮನುಷ್ಯನನ್ನು ಹರೆಯದಲ್ಲೂ ಮುಪ್ಪಿನಲ್ಲೂ ನೋಡಬೇಕು. ಅಮೆರಿಕದ ಡಾ. ರಾಲ್ಫ್ ಪಾಫೆನ್‌ಬಾರ್ಗರ್ ಇದಕ್ಕೆ ಆರಿಸಿಕೊಂಡದ್ದು ಹಾರ್ವರ್ಡ್ ಕಾಲೇಜಿನ ಹಳೆಯ ವಿದ್ಯಾರ್ಥಿಗಳನ್ನು. ಅವರು ಓದುತ್ತಿದ್ದಾಗಿನ ಆರೋಗ್ಯ ತಪಾಸಣೆ, ಆಟೋಟಗಳ ದಾಖಲೆ ಕಾಲೇಜಿನಲ್ಲಿ ಜೋಪಾನವಾಗಿತ್ತು. (ನಮ್ಮ ಶಾಲೆಗಳಲ್ಲೂ ಎತ್ತರ, ತೂಕ ಬರೆದ ರಿಜಿಸ್ಟರುಗಳಿರುತ್ತವೆ; ಗೆದ್ದಲಿಗಿಂತ ಮೊದಲು ಯಾರಾದರೂ ತೆಗೆದು ನೋಡಬೇಕು.) ದಿನಕ್ಕೆ ಎಷ್ಟು ನಡೆಯುತ್ತೀರಿ, ಎಷ್ಟು ಮೆಟ್ಟಿಲು ಹತ್ತುತ್ತೀರಿ, ಯಾವ ಆಟ ಆಡುತ್ತೀರಿ ಎಂದು ಅಂಚೆಯಲ್ಲಿ ಕೇಳಿದರು. 16,936 ಮಂದಿಯ ಉತ್ತರಗಳನ್ನು ಆಧರಿಸಿ 1978ರಲ್ಲಿ ಬಂದ ಫಲಿತಾಂಶ ಹಳೆಯ ಆಟಗಾರರಿಗೆ ಕಹಿಯಾಗಿತ್ತು. ಕಾಲೇಜು ತಂಡದಲ್ಲಿ ಮೆರೆದು ಆಮೇಲೆ ಕುರ್ಚಿ ಹಿಡಿದವರಿಗೆ ಹಿಂದಿನ ಆಟದ ರಕ್ಷಣೆ ಇರಲಿಲ್ಲ. ಆಗ ಆಡದೆ, ಮುಂದೆ ಚಟುವಟಿಕೆಯ ಬದುಕು ರೂಢಿಸಿಕೊಂಡವರ ಹೃದಯವೇ ಹೆಚ್ಚು ಕ್ಷೇಮವಾಗಿತ್ತು. ಸ್ವತಃ ಪಾಫೆನ್‌ಬಾರ್ಗರ್ ಓಡಲು ಶುರುಮಾಡಿದ್ದು ತಮ್ಮ 45ನೇ ವಯಸ್ಸಿನಲ್ಲಿ. ಮುಂದೆ ಮ್ಯಾರಥಾನ್‌ಗಳನ್ನೇ ಓಡಿದರು.

1994ರಲ್ಲಿ ಇದೇ ಬಳಗದ ಮನಸ್ಸಿನ ಲೆಕ್ಕವೂ ಬಂತು. ವಾರಕ್ಕೆ ಮೂರು ಗಂಟೆಯೋ ಹೆಚ್ಚೋ ಆಟವಾಡುತ್ತಿದ್ದವರಲ್ಲಿ ಮುಂದಿನ ವರ್ಷಗಳಲ್ಲಿ ಖಿನ್ನತೆ ಸುಮಾರು ಕಾಲುಭಾಗ ಕಡಿಮೆ. ಹತ್ತನೇ ತರಗತಿ ಬಂದೊಡನೆ ಆಟದ ಪೀರಿಯಡ್ಡನ್ನು ಗಣಿತಕ್ಕೆ ಬಿಟ್ಟುಕೊಡುವ ನಾವು, ಶಿಕ್ಷಕರು ಮತ್ತು ಪೋಷಕರು, ಇದನ್ನು ಎರಡು ಸಲ ಓದಬೇಕು. ಆದರೆ ಒಂದು ಮಾತು: ಹಾರ್ವರ್ಡಿನ ಆ ಲೆಕ್ಕದಲ್ಲಿದ್ದವರೆಲ್ಲ ಗಂಡಸರು, ಓದಿದವರು. ನೀರು ಹೊತ್ತು, ಕಳೆ ಕಿತ್ತು, ಸಂಜೆ ಮತ್ತೆ ಒಲೆ ಮುಂದೆ ಕೂರುವ ನಮ್ಮೂರ ಹೆಣ್ಣುಮಕ್ಕಳ ದಣಿವನ್ನು ಅದು ಅಳೆದಿಲ್ಲ. ಆಟ ಬೇರೆ, ದುಡಿತ ಬೇರೆ.

ಲಂಡನ್ನಿನ ಮಾರಿಸ್ ಮತ್ತು ಪಾಫೆನ್‌ಬಾರ್ಗರ್ ಇಬ್ಬರಿಗೂ ಸೇರಿ 1996ರಲ್ಲಿ ಕ್ರೀಡಾವಿಜ್ಞಾನದ ಒಲಿಂಪಿಕ್ ಪ್ರಶಸ್ತಿ ಬಂತು. ಮಾರಿಸ್ 2009ರವರೆಗೆ, 99 ವರ್ಷ ಬಾಳಿದರು.

ಇನ್ನು ತೀರಾ ವಯಸ್ಸಾದವರ ಸಂಗತಿ. 1990ರಲ್ಲಿ ಬಾಸ್ಟನ್ ನಗರದ ವೃದ್ಧಾಶ್ರಮವೊಂದರಲ್ಲಿ ಡಾ. ಮಾರಿಯಾ ಫಿಯಾಟರೋನ್ ಮತ್ತು ಸಂಗಡಿಗರು 86ರಿಂದ 96 ವರ್ಷದ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಪೂರ್ತಿ ಮಾಡಿದವರು ಒಂಬತ್ತು ಮಂದಿ. ಅವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು. ಇಬ್ಬರು ಊರುಗೋಲನ್ನು ಬಿಟ್ಟು ನಡೆದರು.