ಹೊರೆ, ಹೇರು, ಲೆವಿ

ರೋಣದ ಪೇಟೆಯಲ್ಲಿ ಜೋಳದ ಚೀಲವನ್ನು ಬೆನ್ನಿಗೇರಿಸಿಕೊಂಡ ಹಮಾಲನನ್ನು ಭಾರವೆಷ್ಟೆಂದು ಕೇಳಿ ನೋಡಿ. ‘ಬಾಳ ವಜ್ಜಿ ಐತ್ರಿ’ ಎನ್ನುತ್ತಾನೆ. ನೀವು ‘ಭಾರ’ ಎಂದುದು ಸಂಸ್ಕೃತ. ಆತ ‘ವಜ್ಜಿ’ ಎಂದುದು ಮರಾಠಿಯ ‘ಓಝೆ’ಯ ಬಳಗದ್ದು. ಅವನ ‘ಹಮಾಲ’ ಎಂಬ ಹೆಸರಾದರೋ ಅರಬ್ಬಿಯದು. ಆ ಭಾಷೆಯಲ್ಲಿ ಅದರ ಧಾತುವಿಗೆ ಹೊರುವುದು ಎಂದೇ ಅರ್ಥ. ಚೀಲವನ್ನು ಲಾರಿಗೆ ಹಾಕಿದೊಡನೆ ಅದು ‘ಲೋಡು’ ಆಗುತ್ತದೆ. ಅಲ್ಲಿಗೆ ಇಂಗ್ಲಿಷೂ ಬಂದು ಸೇರಿತು. ಈ ನಾಡನ್ನು ಆಳಿಹೋದವರೆಲ್ಲ ಒಂದೊಂದು ಹೊರೆಯ ಹೆಸರನ್ನು ಬಿಟ್ಟುಹೋಗಿದ್ದಾರೆ ಎನ್ನಬೇಕು.

ಇಂಗ್ಲಿಷಿನ ಮಾತು ಬಂದುದರಿಂದ ಅದರ ಮನೆತನವನ್ನೂ ವಿಚಾರಿಸಿಬಿಡೋಣ. ‘ಲೋಡ್’ ಎಂಬುದಕ್ಕೆ ಹಳೆಯ ಇಂಗ್ಲಿಷಿನಲ್ಲಿ ದಾರಿ, ಪ್ರಯಾಣ, ಸಾಗಣೆ ಎಂಬ ಅರ್ಥಗಳಿದ್ದವು. ದಾರಿಯ ಹೆಸರು ದಾರಿಯಲ್ಲಿ ಸಾಗುವ ಸರಕಿಗೆ ಅಂಟಿಕೊಂಡಿತು. ‘ಟನ್’ ಮೂಲದಲ್ಲಿ ಮದ್ಯ ತುಂಬುವ ದೊಡ್ಡ ಪೀಪಾಯಿ. ‘ಬರ್ಡನ್’ ಹುಟ್ಟಿದ್ದು ಹೊರು ಎಂಬರ್ಥದ ‘ಬೇರ್’ ಎಂಬ ಕ್ರಿಯಾಪದದ ಬಳಗದಲ್ಲಿ. ನಮ್ಮ ‘ಹೊರೆ’ಯು ‘ಹೊರು’ವಿನಿಂದ ಬಂದ ಹಾಗೆಯೇ. ಆ ‘ಬೇರ್’ಗೂ ಸಂಸ್ಕೃತದ ‘ಭಾರ’ಕ್ಕೂ ಮೂಲಧಾತು ಒಂದೇ ಎಂದು ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ. ಕಲೆಕ್ಟರ ಸಾಹೇಬರ ಬರ್ಡನ್ನೂ ಕುಲಕರ್ಣಿಯ ಭಾರವೂ ದೂರದ ದಾಯಾದಿಗಳೆಂದಾಯಿತು.

ಅಚ್ಚಗನ್ನಡದ ಮಾತುಗಳನ್ನು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಹೊರೆ ಎಂದರೆ ಬರಿಯ ತೂಕವಲ್ಲ. ಒಬ್ಬ ಮನುಷ್ಯ ತಲೆಯ ಮೇಲೆ ಒಯ್ಯಬಲ್ಲಷ್ಟು. ಹೇರು ಎಂದರೆ ಒಂದು ಎತ್ತು ಬೆನ್ನ ಮೇಲೆ ಸಾಗಿಸಬಲ್ಲಷ್ಟು. ಇಂದು ನಾವು ಹತ್ತಿಯ ದೊಡ್ಡ ಚೀಲಕ್ಕೆ ಅಂಡಿಗೆ ಎನ್ನುತ್ತೇವೆ; ಹಿಂದೆ ಅದು ಹೇರೆತ್ತಿನ ಪಕ್ಕಕ್ಕೆ ಇಳಿಬಿಡುವ ಚೀಲವಾಗಿತ್ತು. ಅಳತೆಯ ಒಳಗೇ ಹೊರುವವನ ಮೈ ಇದ್ದಿತು. ‘ಆನೆಯ ಭಾರ ಆನೆಗೆ, ಇರುವೆಯ ಭಾರ ಇರುವೆಗೆ’ ಎಂಬ ಗಾದೆಯನ್ನು ನೀವೂ ಕೇಳಿದ್ದೀರಿ.

ರೋಣ ಸೀಮೆಯ ಸೂಡಿಗೆ ಹೋಗಿ ಬನ್ನಿ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅದು ಕಿಸುಕಾಡು ಎಪ್ಪತ್ತರ ಹಿರಿಯ ಪಟ್ಟಣ. ಹನ್ನೊಂದನೆಯ ಶತಮಾನದಲ್ಲಿ ಅಕ್ಕಾದೇವಿ ಆಳಿದ ನೆಲ. ಅಂಥ ಪಟ್ಟಣಗಳಿಗೆ ಸರಕು ಬರುತ್ತಿದ್ದುದು ಎತ್ತಿನ, ಕತ್ತೆಯ, ಆಳಿನ ಬೆನ್ನ ಮೇಲೆ. ಆ ಕಾಲದ ಕನ್ನಡ ಶಾಸನಗಳಲ್ಲಿ ಎಲೆಯ ಹೇರಿಗೆ ಇಷ್ಟು, ಹೊರೆಗೆ ಇಷ್ಟು ಎಂದು ಸುಂಕದ ಲೆಕ್ಕ ಬರುತ್ತದೆ. ಹೇರಿಗೆ ಒಂದು ಮಿತಿಯಿತ್ತು. ಅದನ್ನು ಮೀರಿದರೆ ಎತ್ತು ಮಲಗಿಬಿಡುತ್ತಿತ್ತು. ಆ ಕಾಲದವರೆಲ್ಲ ಸುಖವಾಗಿದ್ದರೆಂದು ಹೇಳಲಾರೆ. ‘ಬಿಟ್ಟಿ’ ಎಂಬ ಮಾತೂ ಅವರದೇ ಬಳುವಳಿ. ಸಂಸ್ಕೃತದ ‘ವಿಷ್ಟಿ’, ಎಂದರೆ ಕೂಲಿಯಿಲ್ಲದೆ ಮಾಡಿಸುವ ದುಡಿಮೆ, ಕನ್ನಡದಲ್ಲಿ ಬಿಟ್ಟಿಯಾಯಿತು. ಅಧಿಕಾರಿಯ ಸಾಮಾನನ್ನು ಊರಿಂದೂರಿಗೆ ಹೊತ್ತವರ ಬೆವರಿನ ಮಾತು ಇಂದು ಪುಕ್ಕಟೆ ಸಿಕ್ಕ ವಸ್ತುವಿಗೆ ಹೆಸರಾಗಿದೆ!

ಬೆನ್ನಿನಿಂದ ಮನಸ್ಸಿಗೆ ಈ ಮಾತುಗಳು ಹೇಗೆ ಏರಿದವು ಎಂಬುದು ಇನ್ನೊಂದು ಸ್ವಾರಸ್ಯ. ಮನೆಯ ಭಾರ, ಋಣಭಾರ ಎನ್ನುತ್ತೇವೆ. ತಪ್ಪನ್ನು ಇನ್ನೊಬ್ಬರ ಮೇಲೆ ಹೊರಿಸುತ್ತೇವೆ. ‘ಕಾರ್ಯಭಾರ’ದಿಂದ ಕಾರಭಾರ ಬಂತು; ಸಂಸ್ಥಾನಗಳಲ್ಲಿ ದಿವಾನನಂಥವನೇ ಕಾರಭಾರಿ. ಕೆಲಸದ ಭಾರವನ್ನು ಹೊರುವವನೆಂದು ಅದರ ಅರ್ಥ. ಇತ್ತ ನಮ್ಮ ಹಳ್ಳಿಯಲ್ಲಿ ‘ಅವನ ಕಾರಭಾರ ಬಾಳ ಆತು’ ಎಂದರೆ ಹೊರುವುದಕ್ಕಿಂತ ಹೇರುವುದೇ ಹೆಚ್ಚಾಯಿತೆಂದು ತಿಳಿಯಬೇಕು. ‘ಹೊಣೆ’ಯ ಕುಲ ಮಾತ್ರ ಬೇರೆ. ತಮಿಳಿನ ‘ಪುಣೈ’ ಅದರ ಸೋದರ. ಅದಕ್ಕೆ ತೆಪ್ಪ, ಬೇಡಿ, ಜಾಮೀನು ಎಂಬ ಅರ್ಥಗಳುಂಟು. ಹೊಣೆ ಕಟ್ಟಿಕೊಳ್ಳುವಂಥದು, ನಾವು ಅದನ್ನೂ ಹೊರುತ್ತೇವೆ.

ಹೊರುವವನು ಒಬ್ಬ, ಅಳೆಯುವವನು ಇನ್ನೊಬ್ಬನಾದಾಗ ಜಗಳ ಹುಟ್ಟುತ್ತದೆ. ನರಗುಂದದ ಚರಿತ್ರೆಯಲ್ಲಿ ಇದು ಎರಡು ಸಲವಾದರೂ ನಡೆದಿದೆ. 1778ರಲ್ಲಿ ಹೈದರಾಲಿ ನರಗುಂದವನ್ನು ಹಿಡಿದು, ಖಂಡಣಿ ಕೊಡುವ ಕರಾರಿನ ಮೇಲೆ ಭಾವೆ ಮನೆತನಕ್ಕೇ ಬಿಟ್ಟಿದ್ದನು. ಟಿಪ್ಪು ಸುಲ್ತಾನನು ಆ ಖಂಡಣಿಯನ್ನು ಏರಿಸಿದನು. ವೆಂಕಟರಾವ್ ಭಾವೆ ಒಪ್ಪಲಿಲ್ಲ. ವಾಡಿಕೆಗಿಂತ ಹೆಚ್ಚು ಕೇಳುವ ಹಕ್ಕಿಲ್ಲವೆಂದು ಪುಣೆಯ ದರಬಾರು ವಾದಿಸಿತು; ನನ್ನ ಪ್ರಜೆಯಿಂದ ಇಷ್ಟಬಂದಷ್ಟು ಎತ್ತುವ ಅಧಿಕಾರ ನನಗಿದೆಯೆಂಬುದು ಟಿಪ್ಪುವಿನ ಉತ್ತರದ ತಾತ್ಪರ್ಯ. ನಾನಾ ಫಡ್ನವೀಸನಿಗೆ ರೈತನ ಮೇಲೆ ಕರುಣೆ ಉಕ್ಕಿತ್ತೆಂದು ತಿಳಿಯಬೇಡಿ. ಖಂಡಣಿ ಯಾರದಾದರೂ ಕೊನೆಗೆ ಅದನ್ನು ತೆತ್ತವನು ರೈತನೇ. 1785ರಲ್ಲಿ ಕೋಟೆ ಬಿದ್ದು ವೆಂಕಟರಾಯ ಕಬ್ಬಾಳದುರ್ಗದ ಸೆರೆಗೆ ಹೋದ. ಯುದ್ಧ ಬೆಳೆಯಿತು, 1786ರಲ್ಲಿ ಬಾದಾಮಿ, ಗಜೇಂದ್ರಗಡಗಳು ಮರಾಠರ ಕೈಸೇರಿದವು. 1787ರ ಗಜೇಂದ್ರಗಡದ ಒಪ್ಪಂದದಲ್ಲಿ ನರಗುಂದ, ಕಿತ್ತೂರು, ಬಾದಾಮಿಗಳನ್ನು ಬಿಟ್ಟುಕೊಟ್ಟು, ಬಾಕಿ ಖಂಡಣಿಯನ್ನು ಹೊರುವ ಸರದಿ ಟಿಪ್ಪುವಿನದೇ ಆಯಿತು. ನರಗುಂದದ 1858ರ ಬಾಬಾಸಾಹೇಬನ ಬಂಡಾಯದ ಮೂಲ ಬೇರೆ, ದತ್ತಕದ ನಿರಾಕರಣೆ ಮತ್ತು ಶಸ್ತ್ರಹರಣ. ಅದನ್ನು ಈ ನೊಗಕ್ಕೆ ಹೂಡುವುದಿಲ್ಲ.

ಇಂಗ್ಲಿಷರ ಕಂದಾಯದವರು ಇಷ್ಟನ್ನಾದರೂ ಮಾಡಿದರು: ಹತ್ತೊಂಬತ್ತನೆಯ ಶತಮಾನದ ನಡುವೆ ವಿಂಗೇಟ್ ಮೊದಲಾದವರು ರೂಢಿಸಿದ ಮುಂಬಯಿ ಮೋಜಣಿಯಲ್ಲಿ ನೆಲದ ಆಳವನ್ನೂ ಬಣ್ಣವನ್ನೂ ನೋಡಿ, 16 ಆಣೆಯಿಂದ ಕೆಳಕ್ಕೆ 9 ತರಗತಿ ಮಾಡಿ, 30 ವರುಷಕ್ಕೆ ಕಂದಾಯ ಗೊತ್ತುಮಾಡುತ್ತಿದ್ದರು. ಎತ್ತಿನ ಬೆನ್ನು ತಟ್ಟಿ ನೋಡಿ ಹೇರಿದ ಹಾಗೆ. ಆದರೆ ಮಳೆ ಬರಲಿ ಬಿಡಲಿ, ಹೇರು ಇಳಿಯುತ್ತಿರಲಿಲ್ಲ.

ಎರಡನೆಯದು ನಿಮ್ಮಲ್ಲಿ ಹಿರಿಯರಿಗೆ ನೆನಪಿರುವಂಥದು. ಮಲಪ್ರಭೆಯ ಕಾಲುವೆ ಬಂದ ಮೇಲೆ, ನೀರಾವರಿಯಿಂದ ನೆಲದ ಬೆಲೆ ಏರಿತೆಂಬ ಕಾರಣಕ್ಕೆ ಸರಕಾರ ಬೆಟರ್‌ಮೆಂಟ್ ಲೆವಿ ಹಾಕಿತು. ನೀರಿನ ಕರ ಬೇರೆ. ಎಷ್ಟೋ ಹೊಲಗಳಿಗೆ ನೀರು ಮುಟ್ಟಿರಲಿಲ್ಲ. ಮುಟ್ಟಿದ ಕಡೆ ಕೆಲವು ಎರೆಹೊಲಗಳು ಜವುಳಾಗಿದ್ದವು. ಲೆಕ್ಕದಲ್ಲಿ ಎಲ್ಲವೂ ಉತ್ತಮಗೊಂಡ ನೆಲವೇ. 1980ರ ಜುಲೈ 21ರಂದು ನರಗುಂದದಲ್ಲಿಯೂ ನವಲಗುಂದದಲ್ಲಿಯೂ ರೈತರು ಎದ್ದರು, ಗೋಲಿಬಾರಾಯಿತು, ರೈತರ ಪ್ರಾಣವೂ ಹೋಯಿತು, ಪೊಲೀಸರ ಪ್ರಾಣವೂ ಹೋಯಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. 1983ರಲ್ಲಿ ಅಂದಿನ ಆಳುವ ಪಕ್ಷ ರಾಜ್ಯದಲ್ಲಿ ಅಧಿಕಾರ ಕಳೆದುಕೊಂಡಿತು. ಜುಲೈ 21 ನರಗುಂದದಲ್ಲಿ ಇಂದಿಗೂ ಹುತಾತ್ಮ ರೈತರ ದಿನ.

‘ಲೆವಿ’ ಎಂಬ ಮಾತು ರೋಣದ ರೈತನಿಗೆ ಆಗ ಹೊಸದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೆವಿ ಧಾನ್ಯ ಅಳೆದವನೇ. ಅದರ ಹುಟ್ಟು ಲ್ಯಾಟಿನ್ನಿನಲ್ಲಿ. ಹಗುರ ಎಂಬರ್ಥದ ‘ಲೆವಿಸ್’. ಅದರಿಂದ ಎತ್ತು ಎಂಬರ್ಥದ ಕ್ರಿಯಾಪದ. ಅದು ಫ್ರೆಂಚಿನ ಮೂಲಕ ಸಾಗಿ ಕರ ಎತ್ತುವುದೆಂದಾಯಿತು. ನಾವೂ ತೇರಿಗೆ ಪಟ್ಟಿ ಎತ್ತುತ್ತೇವೆ, ಚಂದಾ ಎತ್ತುತ್ತೇವೆ. ಎತ್ತುವವನಿಗೆ ಅದು ಹಗುರವೇ.